ಇಸಿಜಿ ನಾರ್ಮಲ್ ಬಂದರೂ ಎದೆ ಡವಗುಟ್ಟುವುದು ಏಕೆ?

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ಹಳ್ಳಿಯವಳು. ಅತ್ತೆ, ಮಾವ, ಮೈದುನ, ನೆಗೆಣ್ಣಿ, ಮಕ್ಕಳು ಎಲ್ಲರೂ ಕೂಡಿ ಇರುವ ಮನೆ. ಕಾರ್ಖಾನೆಯಿಂದ ಕಬ್ಬಿನ ಬಿಲ್ ಹಣ ಬರುವುದು ತಡವಾದಾಗಿನಿಂದ ರಾತ್ರಿ ಇದ್ದಕ್ಕಿದ್ದಂತೆ ಎದೆ ಡವಗುಟ್ಟುತ್ತದೆ, ಉಸಿರು ಸಾಲುವುದಿಲ್ಲ, ಬೆರಳು ಜುಮುಗುಡುತ್ತವೆ, ಪ್ರಾಣವೇ ಹೋಗುತ್ತದೆ ಅನ್ನಿಸುತ್ತದೆ. ಇಸಿಜಿ ತೆಗೆಸಿದರೆ ಪ್ರತಿ ಸಲವೂ ನಾರ್ಮಲ್. ‘ನಿನಗೇನೂ ಆಗಿಲ್ಲ, ಮನಸ್ಸು ಗಟ್ಟಿ ಮಾಡಿಕೊ’ ಎನ್ನುತ್ತಾರೆ ಮನೆಯವರು. ಏನೂ ಆಗಿಲ್ಲದಿದ್ದರೆ ಇದೇನು?

ಉತ್ತರ: ನಿಮಗೆ ಆಗುತ್ತಿರುವುದು ನಿಜ. ಅದನ್ನು ಮೊದಲು ನೀವು ನಂಬಬೇಕು. ಆ ಹೊತ್ತಿನಲ್ಲಿ ಹೃದಯದ ಬಡಿತದ ಲಯ ಸರಿಯಿದೆ ಎಂದಷ್ಟೇ ಇಸಿಜಿ ಹೇಳಿದೆ. ನಿಮಗೆ ಸಂಕಟವಿಲ್ಲ ಎಂದು ಯಾವ ಯಂತ್ರವೂ ಹೇಳಿಲ್ಲ.

ನೀವು ವಿವರಿಸಿರುವುದು ತೀವ್ರ ಆತಂಕದ ದಾಳಿಯನ್ನು ಹೋಲುತ್ತದೆ. ಹೊಲದ ಬದುವಿನಲ್ಲಿ ಹಾವು ಕಂಡರೆ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ, ಎದೆ ಬಡಿತ ಹೆಚ್ಚುತ್ತದೆ, ಉಸಿರು ಬಿರುಸಾಗುತ್ತದೆ. ಓಡುವುದಕ್ಕೆ ಅದು ಬೇಕು. ನಿಮ್ಮ ವಿಷಯದಲ್ಲಿ ಎದುರಿಗೆ ಹಾವಿಲ್ಲ, ತೀರದ ಚಿಂತೆಯಿದೆ. ಆದರೂ ದೇಹ ಅದೇ ತಯಾರಿ ನಡೆಸುತ್ತದೆ. ಉಸಿರು ಅತಿಯಾಗಿ ಬಿರುಸಾದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಬೆರಳು ಜುಮುಗುಡುವುದು, ತಲೆ ಹಗುರಾಗುವುದು ಅದರಿಂದಲೇ. ದಾಳಿ ಸಾಮಾನ್ಯವಾಗಿ 10 ನಿಮಿಷಗಳೊಳಗೆ ಉತ್ತುಂಗಕ್ಕೇರಿ, ಆಮೇಲೆ ತಾನಾಗಿ ಇಳಿಯುತ್ತದೆ. ಆಗ ಪ್ರಾಣಭಯ ಎಷ್ಟೇ ಇದ್ದರೂ ಆತಂಕದ ದಾಳಿಯೊಂದರಿಂದಲೇ ಪ್ರಾಣ ಹೋಗುವುದಿಲ್ಲ.

ಆ ಹೊತ್ತಿಗೆ ಎದ್ದು ಕುಳಿತು, ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ, ದೀರ್ಘವಾಗಿ ಹೊರಬಿಡಿ. ‘ಇದು ಆತಂಕ, ಇಳಿಯುತ್ತದೆ’ ಎಂದು ಹೇಳಿಕೊಳ್ಳಿ. ಥೈರಾಯ್ಡ್ ಏರುಪೇರು ಮತ್ತು ರಕ್ತಹೀನತೆಯಲ್ಲೂ ಎದೆ ಬಡಿತ ಹೆಚ್ಚುವುದರಿಂದ ಆ ಎರಡು ಪರೀಕ್ಷೆಗಳನ್ನು ಒಮ್ಮೆ ಮಾಡಿಸಿ. ವೈದ್ಯರು ಹೃದಯಕ್ಕೆ ತೊಂದರೆಯಿಲ್ಲ ಎಂದು ಖಚಿತಪಡಿಸಿದ ಮೇಲೆ, ಅದೇ ಲಕ್ಷಣಕ್ಕೆ ಪದೇ ಪದೇ ಇಸಿಜಿ ತೆಗೆಸುವುದನ್ನು ನಿಲ್ಲಿಸಿ. ಪ್ರತಿ ಸಲ ಸಿಗುವ ಸಮಾಧಾನ ಸ್ವಲ್ಪ ಹೊತ್ತಿನದು, ಆಮೇಲೆ ಅನುಮಾನ ಮತ್ತಷ್ಟು ಬಲಿಯುತ್ತದೆ. ಸಂಜೆಯ ನಂತರ ಚಹಾ ಬಿಡಿ. ನಮ್ಮ ಕಡೆ ಇದು ಸುಲಭವಲ್ಲ, ಮನೆಗೆ ಯಾರೇ ಬಂದರೂ ಚಹಾ ಆಗಲೇಬೇಕು, ಆದರೂ ಬಿಡಿ.

ಇನ್ನು ಮನೆಯ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಬ್ಬಿನ ಬಿಲ್. ಎಷ್ಟು ಬರಬೇಕು, ಸೊಸೈಟಿಯ ಸಾಲ ಎಷ್ಟು, ಕೈಗಡ ಯಾರಿಂದ ತಂದದ್ದು, ನಿಮ್ಮ ಬಂಗಾರ ಎಲ್ಲಿ ಅಡವಿಟ್ಟಿದೆ, ಇವು ನಿಮಗೆ ಗೊತ್ತಿವೆಯೇ? ಬಾಗಲಕೋಟೆ, ವಿಜಯಪುರದ ಬಹಳಷ್ಟು ಒಕ್ಕಲು ಮನೆಗಳಲ್ಲಿ ಗಂಡಸರು ಈ ಲೆಕ್ಕವನ್ನು ಹೇಳುವುದಿಲ್ಲ. ಹೆಂಗಸರು ಹೆದರಬಾರದು ಎಂಬ ಕಾಳಜಿಯೂ ಅದರಲ್ಲಿರುತ್ತದೆ. ಆದರೆ ಲೆಕ್ಕ ಗೊತ್ತಿಲ್ಲದವರ ಮನಸ್ಸು ರಾತ್ರಿ ತಾನೇ ಲೆಕ್ಕ ಹಾಕುತ್ತದೆ, ಅದು ಯಾವಾಗಲೂ ಇರುವುದಕ್ಕಿಂತ ದೊಡ್ಡದಾಗಿಯೇ ಬರುತ್ತದೆ. ನಿಮ್ಮ ಮನೆಯಲ್ಲಿ ಮೊದಲು ಬದಲಾಗಬೇಕಾದದ್ದು ಇದು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ರಾತ್ರಿ ಎದೆ ಬಡಿಯುವಾಗ ಇದನ್ನು ಎತ್ತಬೇಡಿ. ಇಬ್ಬರೂ ಬಿಡುವಾಗಿರುವ ಹಗಲು ಹೊತ್ತಿನಲ್ಲಿ ಯಜಮಾನರೊಡನೆ ಕುಳಿತು ಬರಬೇಕಾದದ್ದನ್ನು, ಕೊಡಬೇಕಾದದ್ದನ್ನು ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆಯಿರಿ. ಕಾರ್ಖಾನೆ ಕಬ್ಬು ಪಡೆದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕೇಳಿದೊಡನೆ ದುಡ್ಡು ಕೈಗೆ ಬರುತ್ತದೆ ಎಂದಲ್ಲ. ಆದರೆ ಊರಿನ ನಾಲ್ಕು ರೈತರು ಕೂಡಿ ಅರ್ಜಿ ಕೊಡಬಹುದಾದ ವಿಷಯವೊಂದು ಇಲ್ಲಿದೆ. ಏನಾದರೂ ಮಾಡಲು ಬರುವ ಚಿಂತೆಯನ್ನು, ಏನೂ ಮಾಡಲಾಗದ ಚಿಂತೆಯಿಂದ ಬೇರೆ ಮಾಡಿದರೆ ಅರ್ಧ ಭಾರ ಇಳಿಯುತ್ತದೆ.

‘ಮನಸ್ಸು ಗಟ್ಟಿ ಮಾಡಿಕೊ’ ಎನ್ನುವವರಿಗೆ ನೀವು ಕೇಳಬೇಕಾದದ್ದು ಸಹಾನುಭೂತಿಯನ್ನಲ್ಲ, ಕೆಲಸವನ್ನು. ‘ಬೆಳಿಗ್ಗೆಯ ರೊಟ್ಟಿ ಬಡಿಯುವುದನ್ನು ವಾರದಲ್ಲಿ ಎರಡು ದಿನ ನೀನು ನೋಡಿಕೊ’ ಎಂದು ನೆಗೆಣ್ಣಿಗೆ ಹೇಳಿ. ‘ದಾಳಿ ಬಂದಾಗ ಪಕ್ಕದಲ್ಲಿ ಕುಳಿತುಕೊಳ್ಳಿ, ಬುದ್ಧಿ ಹೇಳಬೇಡಿ’ ಎಂದು ಯಜಮಾನರಿಗೆ ಹೇಳಿ. ಅತ್ತೆಯವರು ಇದನ್ನು ಗಾಳಿ, ದೃಷ್ಟಿ ಎಂದರೆ ವಾದಕ್ಕೆ ಇಳಿಯಬೇಡಿ. ಅವರ ಕಾಲದಲ್ಲಿ ಈ ಸಂಕಟಕ್ಕೆ ಬೇರೆ ಹೆಸರೇ ಇರಲಿಲ್ಲ, ಅವರೂ ಇದನ್ನು ಒಬ್ಬರೇ ನುಂಗಿಕೊಂಡಿರಬಹುದು. ಬಾದಾಮಿ ಬನಶಂಕರಿಗೆ ಹೋಗಿ ಬರೋಣ ಎಂದರೆ ಹೋಗಿ ಬನ್ನಿ, ಆದರೆ ವೈದ್ಯರ ಭೇಟಿಯನ್ನು ಅದಕ್ಕಾಗಿ ಮುಂದೂಡಬೇಡಿ.

ಮನೋವೈದ್ಯರು ಎಂದೊಡನೆ ನಮ್ಮಲ್ಲಿ ಬರುವ ಮಾತು, ‘ಇವಳನ್ನು ಧಾರವಾಡಕ್ಕೆ ಕರೆದೊಯ್ಯಬೇಕು’. ಎಷ್ಟೋ ಹೆಣ್ಣುಮಕ್ಕಳನ್ನು ಈ ಒಂದು ಕುಹಕ ವರ್ಷಗಟ್ಟಲೆ ಚಿಕಿತ್ಸೆಯಿಂದ ದೂರವಿಟ್ಟಿದೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಧಾರವಾಡದ ಡಿಮ್ಹಾನ್ಸ್ ಉತ್ತರ ಕರ್ನಾಟಕಕ್ಕೆ ಆಸರೆಯಾದ ಮಾನಸಿಕ ಆರೋಗ್ಯ ಸಂಸ್ಥೆ, ಅಲ್ಲಿಗೆ ಹೋಗುವುದು ಅವಮಾನವಲ್ಲ. ಆದರೆ ನೀವು ಅಷ್ಟು ದೂರದಿಂದ ಶುರು ಮಾಡಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿರುತ್ತದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ ಹೊರಡಿ. ಮನೆಯಿಂದ ಹೊರಡುವುದೇ ಕಷ್ಟವಾದರೆ 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ: ಉಚಿತ, ದಿನದ 24 ಗಂಟೆಯೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಆಪ್ತಸಮಾಲೋಚನೆಯಷ್ಟರಿಂದಲೇ ಹಲವರು ಸುಧಾರಿಸುತ್ತಾರೆ. ಮಾತ್ರೆ ಬರೆದುಕೊಟ್ಟರೆ ‘ಚಟವಾಗುತ್ತದೆ’ ಎಂದು ಹೆದರಬೇಡಿ. ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಖಿನ್ನತೆ ನಿವಾರಕ ಮಾತ್ರೆಗಳು ಚಟ ಹತ್ತಿಸುವಂಥವಲ್ಲ. ಅವು ಕೆಲಸ ತೋರಿಸಲು ಕೆಲವು ವಾರ ಬೇಕು. ಗುಣ ಕಂಡಿತೆಂದು ನೀವಾಗಿಯೇ ನಿಲ್ಲಿಸಬಾರದು, ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಅಭ್ಯಾಸವಾಗುವ ಅಪಾಯವಿರುವುದು ಆಲ್ಪ್ರಜೋಲಾಮ್‌ನಂಥ ಮಾತ್ರೆಗಳಿಗೆ. ‘ನಿದ್ದೆ ಬರುತ್ತದೆ’ ಎಂದು ಯಾರೋ ಹೇಳಿದರೆಂದು ಚೀಟಿಯಿಲ್ಲದೆ ಔಷಧ ಅಂಗಡಿಯಿಂದ ಅವನ್ನು ತರಿಸಬೇಡಿ.

ನಡೆಯುವಾಗ, ಭಾರ ಎತ್ತುವಾಗ ಎದೆ ಹಿಂಡಿದಂತಾದರೆ, ನೋವು ಎಡಗೈಗೋ ದವಡೆಗೋ ಹರಿದರೆ, ಜೊತೆಗೆ ತಣ್ಣನೆಯ ಬೆವರು ಬಂದರೆ, ಹಿಂದಿನ ಇಸಿಜಿ ಏನೇ ಹೇಳಿರಲಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಬದುಕೇ ಬೇಡ ಎಂಬ ಯೋಚನೆ ಒಂದು ಸಲ ಸುಳಿದರೂ ಬೆಳಗಾಗುವವರೆಗೆ ಕಾಯಬೇಡಿ. ಪಕ್ಕದಲ್ಲಿ ಮಲಗಿರುವವರನ್ನು ಎಬ್ಬಿಸಿ ಹೇಳಿ, 14416ಕ್ಕೆ ಆಗಲೇ ಕರೆ ಮಾಡಿಸಿ, ಮನೆಯಲ್ಲಿರುವ ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗ ಹಾಕಿಟ್ಟು ಕೀಲಿಯನ್ನು ಬೇರೆಯವರ ಕೈಗೆ ಒಪ್ಪಿಸಲು ಹೇಳಿ.