ಖಾಲಿ ಬಿಟ್ಟ ದಿನ ಎಲ್ಲಿ ಹೋಯಿತು?

ಎರಡು ಪಟ್ಟಿಗಳ ಉದ್ದ ಹೊಂದುತ್ತಿಲ್ಲ ಎಂದು ಎರರ್ ಬಂದರೆ ಕೊನೆಯ ದಿನಗಳನ್ನು ಕತ್ತರಿಸಬೇಡಿ. ಶಿವಮೊಗ್ಗದಲ್ಲಿ ಪ್ರಾಜೆಕ್ಟ್ ಮಾಡುವ ಮಕ್ಕಳಿಗೆ ಆಕ್ಟೇವ್ ಎಂಬ ಲೆಕ್ಕದ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡಲು ಕೂತಾಗಲೆಲ್ಲ ಈ ಮಾತು ಹೇಳುತ್ತೇನೆ. ಆದರೂ ಪ್ರತಿ ವರ್ಷ ಯಾರಾದರೂ ಕತ್ತರಿಸಿಕೊಂಡೇ ಬರುತ್ತಾರೆ.

ಈ ಸಲ ಬಂದವಳು ಹೊಸನಗರದ ಕಡೆಯ ಹುಡುಗಿ. ಅವಳ ಅಜ್ಜ ಅಂಗಳದಲ್ಲಿ ಮಳೆ ಮಾಪಕ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ನೋಟ್‌ಬುಕ್‌ನಲ್ಲಿ ಬರೆಯುತ್ತಾರೆ. ಹವಾಮಾನ ಇಲಾಖೆ ಅಳೆಯುವುದೂ ಅದೇ ಹೊತ್ತಿಗೆ. ತೋಟದಲ್ಲಿ ಅಡಿಕೆಗೆ ಕೊಳೆ ರೋಗ ಕಂಡ ತಾರೀಖನ್ನೂ ಪಕ್ಕದಲ್ಲೇ ಗುರುತು ಹಾಕಿದ್ದಾರೆ. ಜೋರು ಮಳೆಯಾಗಿ ಎಷ್ಟು ದಿನಕ್ಕೆ ಕೊಳೆ ಕಾಣುತ್ತದೆ ಎಂದು ಅವಳಿಗೆ ನೋಡಬೇಕಿತ್ತು.

ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ 122 ದಿನ. ದಿನಕ್ಕೊಂದು ಸ್ಟ್ರಕ್ಟ್, ಅಂದರೆ ಆ ದಿನದ ಮಾಹಿತಿಯೆಲ್ಲ ಒಟ್ಟಿಗಿಡುವ ಡಬ್ಬಿ ಮಾಡಿ, ಅದರೊಳಗೆ ತಾರೀಖು, ಮಳೆ, ಕೊಳೆ ಎಂದು ಫೀಲ್ಡ್, ಅಂದರೆ ಹೆಸರಿಟ್ಟ ಖಾನೆ ಇಟ್ಟಿದ್ದಳು. ಅಲ್ಲಿಯವರೆಗೆ ಚೆಂದವಾಗಿಯೇ ಇತ್ತು. ಮೂರು ಪಟ್ಟಿ ಬೇರೆ ಬೇರೆ ಇಟ್ಟುಕೊಂಡು, ಒಂದನ್ನು ಮಾತ್ರ ಸಾರ್ಟ್ ಮಾಡಿ ಉಳಿದೆರಡನ್ನು ಮರೆಯುವವರಿಗಿಂತ ಎಷ್ಟೋ ವಾಸಿ. ಆದರೆ ಅವಳ ಗ್ರಾಫ್ ಸೆಪ್ಟೆಂಬರ್ 23ಕ್ಕೆ ನಿಂತಿತ್ತು.

"ಉಳಿದ ದಿನ ಎಲ್ಲಮ್ಮಾ?" ಎಂದೆ.

"ಮಳೆ 115 ಬಂತು ಸರ್, ತಾರೀಖು 122. ಹೊಂದಲಿಲ್ಲ. ಕೊನೆಯ ಏಳು ತೆಗೆದುಬಿಟ್ಟೆ."

ಇಲ್ಲಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪ್ರೋಗ್ರಾಂನಲ್ಲಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಓದಲು ಸುಲಭವಾಗಲಿ ಎಂದು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ. ಐದು ದಿನ ಇವೆ ಎನ್ನಿ. ಮಳೆ 62, 0, ಖಾಲಿ, 118, 40 ಮಿಲಿಮೀಟರ್. ಮೂರನೆಯ ದಿನ ಯಾರೂ ಅಳೆದಿಲ್ಲ. ಎಲ್ಲ ದಿನಗಳ ಮಳೆಯನ್ನು ಒಂದೇ ಸಾಲಿನಲ್ಲಿ ಕೊಡು ಎಂದು [ದಿನ.ಮಳೆ] ಬರೆದು ಕೇಳಿದರೆ ಸಿಗುವುದು 62, 0, 118, 40. ನಾಲ್ಕೇ ಸಂಖ್ಯೆ. ಚೌಕ ಬ್ರ್ಯಾಕೆಟ್ ಮಾಡುವುದು ಸಾಲಾಗಿ ಜೋಡಿಸುವ ಕೆಲಸ. ಖಾಲಿಯಲ್ಲಿ ಜೋಡಿಸಲು ಏನೂ ಇಲ್ಲ, ಅದು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಒಟ್ಟು 220, ಸರಾಸರಿ 55. ಅಳೆದ ನಾಲ್ಕು ದಿನಕ್ಕೆ ಅದು ಸರಿಯಾದ ಉತ್ತರವೇ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಕೆಟ್ಟಿರುವುದು ಜಾಗ. ನಾಲ್ಕನೆಯ ದಿನದ 118 ಈಗ ಮೂರನೆಯ ಜಾಗದಲ್ಲಿ ಕೂತಿದೆ. ಅದರ ಮುಂದಿನದ್ದೆಲ್ಲ ಒಂದೊಂದು ದಿನ ಹಿಂದಕ್ಕೆ ಸರಿದಿದೆ.

ಈಗ ಕೊನೆಯ ತಾರೀಖು ಕತ್ತರಿಸಿದರೆ ಏನಾಗುತ್ತದೆ? ಎರರ್ ಹೋಗುತ್ತದೆ, ತಪ್ಪು ಹಾಗೇ ಉಳಿಯುತ್ತದೆ. ಕಾಣೆಯಾಗಿದ್ದು ಕೊನೆಯ ದಿನ ಅಲ್ಲ, ನಡುವಿನದ್ದು ಅಲ್ವಾ?

ಅವಳ ಏಳು ಖಾಲಿ ದಿನಗಳಲ್ಲಿ ಎರಡು ಜೂನ್‌ನಲ್ಲಿ, ಐದು ಜುಲೈನಲ್ಲಿ ಇದ್ದವು. ಅಂದರೆ ಆಗಸ್ಟ್‌ನ ಪ್ರತಿಯೊಂದು ಮಳೆಯೂ ಏಳು ದಿನ ಮೊದಲೇ ಬಿದ್ದ ಹಾಗೆ ಲೆಕ್ಕಕ್ಕೆ ಬಂದಿತ್ತು. ಕೊಳೆಯ ತಾರೀಖು ಮಾತ್ರ ಸರಿಯಾಗಿತ್ತು. ಹಾಗಾಗಿ ಆಗಸ್ಟ್‌ನಲ್ಲಿ ಮಳೆಗೂ ಕೊಳೆಗೂ ನಡುವೆ ಏಳು ದಿನ ಜಾಸ್ತಿ ಕಾಣುತ್ತಿತ್ತು. ಇದನ್ನು ನಂಬಿ ಯಾರಾದರೂ ಕೊಳೆ ತಡೆಯುವ ಬೋರ್ಡೊ ದ್ರಾವಣ ಹೊಡೆಯುವುದನ್ನು ಒಂದು ವಾರ ಮುಂದೆ ಹಾಕಿದ್ದರೆ?

ಈ ಖಾಲಿಯನ್ನು ಅವಳು ಟೈಪ್ ಮಾಡಿರಲಿಲ್ಲ. ಅಳೆಯದ ದಿನಗಳನ್ನು ದಾಟಿ ಮುಂದಿನ ದಿನಕ್ಕೆ ಮಳೆ ತುಂಬಿದ್ದಳು. ಸ್ಟ್ರಕ್ಟ್ ಸಾಲಿನಲ್ಲಿ ಹಾಗೆ ದಾಟಿದರೆ ಬಿಟ್ಟ ಜಾಗಕ್ಕೆ ಆಕ್ಟೇವ್ ತಾನೇ ಖಾಲಿ ಹಾಕುತ್ತದೆ. ಬರೀ ಸಂಖ್ಯೆಗಳ ಸಾಲಿನಲ್ಲಿ ಹೀಗೇ ಮಾಡಿದರೆ ಸೊನ್ನೆ ತುಂಬುತ್ತದೆ. ಮಳೆಯ ವಿಷಯದಲ್ಲಿ ಸೊನ್ನೆ ಇನ್ನೂ ಕೆಟ್ಟದ್ದು. ಆ ಐದು ದಿನಕ್ಕೆ ಸರಾಸರಿ 44ಕ್ಕೆ ಇಳಿಯುತ್ತದೆ, ಎರರ್ ಕೂಡ ಬರುವುದಿಲ್ಲ. ಆಕ್ಟೇವ್‌ನಂಥದ್ದೇ ಇನ್ನೊಂದು ಭಾಷೆಯಾದ ಮ್ಯಾಟ್‌ಲ್ಯಾಬ್‌ನಲ್ಲೂ ಇದೇ ನಡವಳಿಕೆ.

ನಾನು ಹೇಳಿಕೊಡುವ ದಾರಿ ಇದು. ಮೊದಲೇ 122 ಸ್ಟ್ರಕ್ಟ್ ಮಾಡಿ, ಎಲ್ಲದರ ಮಳೆಗೂ ನ್ಯಾನ್ ಹಾಕಿಡಿ. ಸಂಖ್ಯೆ ಇಲ್ಲ ಎಂದು ಹೇಳುವ ಗುರುತು ಅದು, ಆದರೆ ಒಂದು ಸಂಖ್ಯೆಯ ಜಾಗ ಹಿಡಿದುಕೊಂಡು ಕೂರುತ್ತದೆ. ಅಳೆದ ದಿನಕ್ಕೆ ಮಾತ್ರ ಬೆಲೆ ತುಂಬಿ. ಒಂದೇ ಒಂದು ನ್ಯಾನ್ ಇದ್ದರೂ ಸರಾಸರಿ ನ್ಯಾನ್ ಎಂದೇ ಬರುತ್ತದೆ. ಗಾಬರಿ ಬೇಡ, ಸರಾಸರಿಗೆ ಮಾತ್ರ ಅವನ್ನು ಬಿಟ್ಟು ಲೆಕ್ಕ ಹಾಕಿ.

ಉದ್ದ 122 ಬಂದ ಮಾತ್ರಕ್ಕೆ ಎಲ್ಲ ಸರಿ ಎಂದು ನಾನು ಹೇಳಲಾರೆ. ಒಂದು ದಿನ ಖಾಲಿ ಇದ್ದು, ಇನ್ನೊಂದು ದಿನದ ಫೀಲ್ಡ್‌ನಲ್ಲಿ ಎರಡು ಸಂಖ್ಯೆ ಸೇರಿಕೊಂಡಿದ್ದರೂ ಎಣಿಕೆ 122 ಬರುತ್ತದೆ. ಪ್ರತಿ ದಿನದ ಮಳೆಯೂ ಒಂದೇ ಸಂಖ್ಯೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ. ಇನ್ನೊಂದು ವಿಷಯ. ಒಂದು ಬೆಳಿಗ್ಗೆ ಅಳೆಯದಿದ್ದರೆ ಮಾಪಕದಲ್ಲಿ ನೀರು ಉಳಿದಿರುತ್ತದೆ, ಮರುದಿನದ ಅಳತೆಯಲ್ಲಿ ಎರಡು ದಿನದ ಮಳೆ ಸೇರಿರಬಹುದು. ಇದು ಯಾವ ಪ್ರೋಗ್ರಾಂಗೂ ಗೊತ್ತಾಗುವುದಿಲ್ಲ. ಅಳೆದವರನ್ನೇ ಕೇಳಬೇಕು.

ಕೇಳಿಕೊಂಡು ಬಾ ಎಂದು ಕಳಿಸಿದೆ. ಮುಂದಿನ ವಾರ ಅವಳು ನೋಟ್‌ಬುಕ್ಕನ್ನೇ ತಂದಳು. ತಿರುವಿ ನೋಡಿ ನನಗೆ ತುಂಬಾ ಖುಷಿಯಾಯಿತು. ಮಳೆ ಬಾರದ ದಿನ ಅಜ್ಜ ಸೊನ್ನೆ ಬರೆದಿದ್ದಾರೆ. ಅಳೆಯದ ದಿನ ಗೆರೆ ಎಳೆದಿದ್ದಾರೆ. ಜುಲೈನ ಐದು ಗೆರೆಗಳ ಮುಂದೆ ಪೆನ್ಸಿಲ್‌ನಲ್ಲಿ "ಜ್ವರ" ಎಂದಿತ್ತು. ಮರುದಿನದ ಅಳತೆಯ ಪಕ್ಕದಲ್ಲಿ "ಆರು ದಿನದ್ದು" ಎಂದಿತ್ತು. ಅದಕ್ಕೂ ಒಂದು ಫೀಲ್ಡ್ ಬೇಕೆಂದು ಇಬ್ಬರೂ ಕೂತು ಸೇರಿಸಿದೆವು: ಎಷ್ಟು ದಿನದ ಮಳೆ ಎಂಬ ಫೀಲ್ಡ್. ಎಲ್ಲ ದಿನಕ್ಕೂ ಮೊದಲೇ 1 ಹಾಕಿಟ್ಟು, ಆ ಒಂದು ದಿನಕ್ಕೆ 6 ಎಂದು ತಿದ್ದಿದಳು.