ಕೈಜಾರಿದ ಚೆಂಡು ಯಾರ ಲೆಕ್ಕಕ್ಕೆ?

ಆಟದ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಅಂಕಿಅಂಶ ಬರೆಯುವುದು ನನ್ನ ಕಸುಬು. ಅಮೆರಿಕನ್ ಫುಟ್‌ಬಾಲ್ ಹುಚ್ಚಿನ ಗೆಳೆಯರು ಸೇರಿದರೆ ಒಂದು ಜಗಳವಂತೂ ನನ್ನ ಮುಂದೆ ಪಂಚಾಯಿತಿಗೆ ಬರುತ್ತದೆ: ನ್ಯೂಯಾರ್ಕ್ ಜೈಂಟ್ಸ್ ತಂಡದ ಈಲೈ ಮ್ಯಾನಿಂಗ್ ನಿಜಕ್ಕೂ ದೊಡ್ಡ ಕ್ವಾರ್ಟರ್‌ಬ್ಯಾಕೇ (ಚೆಂಡು ಎಸೆದು ತಂಡದ ದಾಳಿ ನಡೆಸುವವರು)? ಲೀಗ್‌ನ ಫೈನಲ್ ಆದ ಸೂಪರ್ ಬೌಲನ್ನು ಎರಡು ಸಲ ಗೆದ್ದರು, ಎರಡರಲ್ಲೂ ಪಂದ್ಯಶ್ರೇಷ್ಠರಾದರು ಎನ್ನುತ್ತಾರೆ ಒಬ್ಬರು. ಲೀಗ್ ಹಂತದಲ್ಲಿ 117 ಗೆದ್ದು 117 ಸೋತವರನ್ನು ಹೊತ್ತು ಮೆರೆಸುವುದೇಕೆ ಎನ್ನುತ್ತಾರೆ ಇನ್ನೊಬ್ಬರು.

ನನಗೆ ಈ ಎರಡು ಲೆಕ್ಕಗಳ ಮೇಲೂ ಅನುಮಾನ. 2008ರ ಫೆಬ್ರುವರಿ 3ರ ಫೈನಲ್‌ನ ಕೊನೆಯ ನಿಮಿಷಗಳನ್ನೇ ನೋಡಿ. ಎದುರಿಗಿದ್ದದ್ದು 18 ಪಂದ್ಯ ಆಡಿ 18ನ್ನೂ ಗೆದ್ದಿದ್ದ ಪೇಟ್ರಿಯಟ್ಸ್ ತಂಡ. ಮ್ಯಾನಿಂಗ್ ಎಸೆದ ಚೆಂಡಿಗೆ ಎದುರಾಳಿ ಅಸಾಂಟೆ ಸ್ಯಾಮ್ಯುಯೆಲ್ ನೆಗೆದರು. ಚೆಂಡು ಬೆರಳಿಗೆ ತಾಗಿ ಜಾರಿತು. ಹಿಡಿದಿದ್ದರೆ ಅದು ಇಂಟರ್‌ಸೆಪ್ಷನ್, ಚೆಂಡು ಪೇಟ್ರಿಯಟ್ಸ್ ಪಾಲಾಗಿ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ಮರು ಎಸೆತದಲ್ಲಿ ಜೆರ್ಸಿ ಹಿಡಿದು ಎಳೆಯುತ್ತಿದ್ದವರಿಂದ ಕೊಸರಿಕೊಂಡು ಮ್ಯಾನಿಂಗ್ ಚೆಂಡನ್ನು ಮೇಲಕ್ಕೆ ತೂರಿದರು. ಸಹ ಆಟಗಾರ ಡೇವಿಡ್ ಟೈರಿ ಅದನ್ನು ತಮ್ಮ ಹೆಲ್ಮೆಟ್‌ಗೆ ಒತ್ತಿ ಹಿಡಿದರು: 32 ಗಜ. ಜೈಂಟ್ಸ್ 17–14ರಿಂದ ಗೆದ್ದಿತು. ಆ ದಿನ ಪೇಟ್ರಿಯಟ್ಸ್‌ನ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯನ್ನು ಐದು ಸಲ ನೆಲಕ್ಕೆ ಕೆಡವಿದ್ದ ಜೈಂಟ್ಸ್ ರಕ್ಷಣಾ ಆಟಗಾರರಿಗೆ ಸಿಕ್ಕಿದ್ದು ಚಪ್ಪಾಳೆ, ಮ್ಯಾನಿಂಗ್‌ಗೆ ಸಿಕ್ಕಿದ್ದು ಪ್ರಶಸ್ತಿ.

ಎಸೆತಗಾರನನ್ನು ಅಳೆಯಲು 1973ರಲ್ಲಿ ಬಂದ ಪಾಸರ್ ರೇಟಿಂಗ್ ಸೂತ್ರಕ್ಕೆ ಗುರಿ ಮುಟ್ಟಿದ ಎಸೆತ, ಗಜ, ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸುವುದು), ಇಂಟರ್‌ಸೆಪ್ಷನ್ ಈ ನಾಲ್ಕೇ ಗೊತ್ತು. ಅದರ ಗರಿಷ್ಠ 158.3, ಮ್ಯಾನಿಂಗ್ ವೃತ್ತಿಜೀವನದ ಸರಾಸರಿ 84.1. ಎದುರಾಳಿ ಕೈಚೆಲ್ಲಿದ ಚೆಂಡನ್ನೂ ಪ್ರೇಕ್ಷಕರತ್ತ ಹೋದ ಚೆಂಡನ್ನೂ ಅದು ಒಂದೇ ತಕ್ಕಡಿಗೆ ಹಾಕುತ್ತದೆ. ಹಾಗಾಗಿ ನನ್ನ ಹಾಳೆಯಲ್ಲಿ ‘ಹಿಡಿಯಬಹುದಿತ್ತು’ ಎಂಬ ಇನ್ನೊಂದು ಕಾಲಂ ಇರುತ್ತದೆ. ಕ್ರಿಕೆಟ್‌ನಲ್ಲಿ ಬಿಟ್ಟ ಕ್ಯಾಚ್ ಬೌಲರನ ಖಾತೆಗೆ ಬರುವುದಿಲ್ಲ, ಆದರೆ ಸ್ಲಿಪ್‌ನಲ್ಲಿ ನಿಂತವರಿಗೆ ಅದು ಮರೆಯುವುದೂ ಇಲ್ಲವಲ್ಲ, ಹಾಗೆ.

ಇಷ್ಟು ಹೇಳಿಯೂ ನಾನು ಮ್ಯಾನಿಂಗ್ ಪಕ್ಷವೇ, ಅರ್ಧ ಮಾತ್ರ. 2013ರ ಒಂದೇ ಋತುವಿನಲ್ಲಿ 27 ಇಂಟರ್‌ಸೆಪ್ಷನ್ ಕೊಟ್ಟವರ ನಿಖರತೆಯನ್ನು ಹೊಗಳಲಾರೆ. ಆದರೆ ಮೈಮೇಲೆ ಬೀಳುವವರ ನಡುವೆ ಸತತ 210 ಲೀಗ್ ಪಂದ್ಯಗಳಿಗೆ ಮೊದಲ ಆಯ್ಕೆಯಾಗಿ ಇಳಿದರಲ್ಲ, ಆ ಸಂಖ್ಯೆಯಲ್ಲಿ ಯಾರ ಕೈಜಾರಿದ್ದೂ ಸೇರಿಲ್ಲ. 2025ರಲ್ಲಿ ಮೊದಲ ಸಲ ಹಾಲ್ ಆಫ್ ಫೇಮ್‌ಗೆ (ಆಟದ ದಿಗ್ಗಜರ ಗೌರವ ಸಾಲಿಗೆ) ಅರ್ಹರಾದಾಗ ಅವರನ್ನು ಆರಿಸಲಿಲ್ಲ. ನನ್ನನ್ನು ಕೇಳಿದರೆ, ಒಳಗೆ ಬಿಡಲಿ. ಅಣ್ಣ ಪೇಟನ್ ಕುಳಿತ ಸಾಲಿನಿಂದ ನಾಲ್ಕು ಸಾಲು ಹಿಂದೆ ಕೂರಿಸಲಿ.