ಹಾರ್ಮೋನು ಬದಲಾದರೆ ಎತ್ತರವೂ ಬದಲಾಗುತ್ತದೆಯೇ?

ಹಾರ್ಮೋನು ಚಿಕಿತ್ಸೆಗೆಂದು ಬರುವ ಟ್ರಾನ್ಸ್ ಮಹಿಳೆಯರ (ಹುಟ್ಟಿದಾಗ ಗಂಡೆಂದು ಗುರುತಿಸಲಾದ ಹೆಣ್ಣುಮಕ್ಕಳ) ಮನಸ್ಸಿನಲ್ಲಿ ಎತ್ತರದ ಪ್ರಶ್ನೆ ಇದ್ದೇ ಇರುತ್ತದೆ. ‘ನಾನು ಐದು ಅಡಿ ಹತ್ತು ಇಂಚು ಇದ್ದೀನಿ, ಸ್ವಲ್ಪನಾದ್ರೂ ಕಡಿಮೆ ಆಗ್ತೀನಾ?’ ಟ್ರಾನ್ಸ್ ಪುರುಷರು ಕೇಳುವುದು ಇದಕ್ಕೆ ತಿರುವುಮುರುವು: ‘ಟೆಸ್ಟೋಸ್ಟೆರಾನ್ ತಗೊಂಡ್ರೆ ಇನ್ನೆರಡು ಇಂಚು ಬೆಳೀಬಹುದಾ?’ ಬೆಳವಣಿಗೆ ಮುಗಿದ ವಯಸ್ಕರಿಗೆ ಎರಡಕ್ಕೂ ಉತ್ತರ ಒಂದೇ: ಇಲ್ಲ. ಆ ‘ಇಲ್ಲ’ ಯಾಕೆ ಎಂದು ತಿಳಿದುಕೊಂಡರೆ, ಮೂಳೆಯ ವಿಷಯದಲ್ಲಿ ನಿಜವಾಗಿ ಯಾವುದಕ್ಕೆ ಚಿಂತೆ ಮಾಡಬೇಕು ಎನ್ನುವುದೂ ಗೊತ್ತಾಗುತ್ತದೆ. ನನಗೆ ಮುಖ್ಯವೆನಿಸುವುದು ಆ ಎರಡನೆಯ ಸಂಗತಿ.

ತೊಡೆಯ ಮೂಳೆ, ಮೊಣಕಾಲಿನ ಕೆಳಗಿನ ಮೂಳೆ, ತೋಳಿನ ಮೂಳೆ, ಇವೆಲ್ಲ ಉದ್ದವಾಗುವುದು ತಮ್ಮ ತುದಿಗಳ ಹತ್ತಿರ. ಅಲ್ಲಿ ಮೃದ್ವಸ್ಥಿಯ ಒಂದು ತೆಳು ಪದರ ಇರುತ್ತದೆ. ವೈದ್ಯರು ಅದನ್ನು ಗ್ರೋತ್ ಪ್ಲೇಟ್ ಎನ್ನುತ್ತಾರೆ. ಅದರ ಒಂದು ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚಪ್ಪಟೆ ಜೀವಕೋಶಗಳು ಪೇರಿಸಿಟ್ಟ ನಾಣ್ಯಗಳ ಹಾಗೆ ಸಾಲುಸಾಲಾಗಿ ನಿಂತಿರುತ್ತವೆ. ಸಾಲಿನ ಒಂದು ಕೊನೆಯಲ್ಲಿ ಕೋಶಗಳು ಒಡೆದು ಎರಡಾಗುತ್ತಿರುತ್ತವೆ. ಇನ್ನೊಂದು ಕೊನೆಯಲ್ಲಿರುವ ಹಳೆಯ ಕೋಶಗಳು ಊದಿಕೊಂಡು ಸಾಯುತ್ತವೆ, ಅವುಗಳ ಸುತ್ತ ಸುಣ್ಣದಂಶ ಕೂರುತ್ತದೆ, ರಕ್ತನಾಳಗಳು ಒಳನುಗ್ಗಿ ಆ ಜಾಗವೆಲ್ಲ ಮೂಳೆಯಾಗುತ್ತದೆ. ಮಗು ಎತ್ತರವಾಗುವುದೆಂದರೆ ಬಹುಮಟ್ಟಿಗೆ ಇಷ್ಟೇ. ಮಕ್ಕಳ ಎಕ್ಸ್‌ರೇಯಲ್ಲಿ ಈ ಪದರ ಕಪ್ಪು ಗೆರೆಯಾಗಿ ಕಾಣಿಸುತ್ತದೆ. ಹರೆಯ ಮುಗಿಯುತ್ತ ಬಂದ ಹಾಗೆ ಗೆರೆ ಮಸುಕಾಗಿ, ಕೊನೆಗೆ ಮೂಳೆಯ ಎರಡೂ ಭಾಗ ಬೆಸೆದುಕೊಂಡು ಮಾಯವಾಗುತ್ತದೆ. ಒಮ್ಮೆ ಬೆಸೆದದ್ದನ್ನು ಯಾವ ಹಾರ್ಮೋನೂ ಬಿಡಿಸಲಾರದು. ಬೆಳವಣಿಗೆಯ ಹಾರ್ಮೋನು ಮಿತಿಮೀರಿ ಹರಿದರೂ ವಯಸ್ಕರಲ್ಲಿ ಕೈಕಾಲು, ದವಡೆ ದಪ್ಪವಾಗುತ್ತವೆಯೇ ಹೊರತು ಎತ್ತರ ಏರುವುದಿಲ್ಲ.

ಈ ಬೆಸುಗೆಯನ್ನು ಮಾಡಿಸುವವರು ಯಾರು? ಗಂಡಸರಲ್ಲಿ ಟೆಸ್ಟೋಸ್ಟೆರಾನ್, ಹೆಂಗಸರಲ್ಲಿ ಈಸ್ಟ್ರೋಜೆನ್ ಎಂದು ಬಹಳ ಕಾಲ ನಂಬಲಾಗಿತ್ತು. 1994ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಒಬ್ಬ ರೋಗಿಯ ವಿವರ ಆ ನಂಬಿಕೆಯನ್ನು ಅಲುಗಾಡಿಸಿತು. ಆತನಿಗೆ 28 ವರ್ಷ, ಎತ್ತರ 204 ಸೆಂಟಿಮೀಟರ್. ಗಡ್ಡ, ದನಿ, ಟೆಸ್ಟೋಸ್ಟೆರಾನ್ ಪ್ರಮಾಣ ಎಲ್ಲವೂ ಸರಿಯಾಗಿಯೇ ಇದ್ದವು. ಮೊಣಕಾಲುಗಳು ಒಳಕ್ಕೆ ಬಾಗುತ್ತಿವೆ ಎಂದು ಆತ ಆಸ್ಪತ್ರೆಗೆ ಬಂದಿದ್ದ. ಎಕ್ಸ್‌ರೇ ತೆಗೆದರೆ ಮೂಳೆಗಳು 15ರ ಹುಡುಗನವು, ಗ್ರೋತ್ ಪ್ಲೇಟ್‌ಗಳು ಇನ್ನೂ ತೆರೆದೇ ಇದ್ದವು, ಆತ ಬೆಳೆಯುತ್ತಲೇ ಇದ್ದ. ಜೊತೆಗೆ ಮೂಳೆ ತೀರ ಟೊಳ್ಳಾಗಿತ್ತು. ಈಸ್ಟ್ರೋಜೆನ್ನಿನ ಸಂದೇಶ ಹಿಡಿಯುವ ಗ್ರಾಹಕದ ಜೀನ್ ಆತನಲ್ಲಿ ಕೆಟ್ಟಿತ್ತು. ದೇಹದಲ್ಲಿ ಈಸ್ಟ್ರೋಜೆನ್ ಇತ್ತು, ಅದರ ಮಾತು ಮೂಳೆಗೆ ಕೇಳಿಸುತ್ತಿರಲಿಲ್ಲ. ಟೆಸ್ಟೋಸ್ಟೆರಾನನ್ನು ಈಸ್ಟ್ರೋಜೆನ್ ಆಗಿ ಮಾರ್ಪಡಿಸುವ ಅರೋಮಟೇಸ್ ಎಂಬ ಕಿಣ್ವವೇ ಇಲ್ಲದ ಇನ್ನೊಬ್ಬ ಗಂಡಸಿಗೆ ಚಿಕಿತ್ಸೆ ಕೊಟ್ಟ ಇಟಲಿಯ ವೈದ್ಯರು 1997ರಲ್ಲಿ ಉಳಿದ ಅನುಮಾನವನ್ನೂ ತೀರಿಸಿದರು. ಟೆಸ್ಟೋಸ್ಟೆರಾನ್ ಕೊಟ್ಟಾಗ ಅವನ ಮೂಳೆಗಳು ಬೆಸೆಯಲಿಲ್ಲ, ಈಸ್ಟ್ರೋಜೆನ್ ಕೊಟ್ಟಾಗ ಬೆಸೆದವು. ನಾವು ‘ಹೆಣ್ಣಿನ ಹಾರ್ಮೋನು’ ಎಂದು ಬದಿಗಿಟ್ಟಿದ್ದ ಈಸ್ಟ್ರೋಜೆನ್ನೇ ಪ್ರತಿಯೊಬ್ಬ ಗಂಡಸಿನ ಎತ್ತರಕ್ಕೂ ಕೊನೆಯ ಗೆರೆ ಎಳೆಯುತ್ತದೆ. ಲಿಂಗ ಮತ್ತು ಹಾರ್ಮೋನಿನ ಬಗ್ಗೆ ಖಂಡತುಂಡವಾಗಿ ಮಾತಾಡುವವರು ಈ ಒಂದು ಸಂಗತಿಯನ್ನು ನಿಧಾನವಾಗಿ ಯೋಚಿಸಬೇಕು.

ಚರಿತ್ರೆಯಲ್ಲೂ ಇದಕ್ಕೆ ಸಾಕ್ಷಿ ಇತ್ತು. ವೃಷಣವಿಲ್ಲದಿದ್ದರೆ ಟೆಸ್ಟೋಸ್ಟೆರಾನ್ ಬಹುತೇಕ ಇಲ್ಲ, ಅದರಿಂದ ತಯಾರಾಗುವ ಈಸ್ಟ್ರೋಜೆನ್ನೂ ಇಲ್ಲ. ದನಿ ಒಡೆಯದಿರಲೆಂದು ಬಾಲ್ಯದಲ್ಲೇ ವೃಷಣ ತೆಗೆಸಿಕೊಂಡ ಇಟಲಿಯ ಗಾಯಕರನ್ನು 18ನೇ ಶತಮಾನದ ವ್ಯಂಗ್ಯಚಿತ್ರಗಳು ಉದ್ದುದ್ದ ಕೈಕಾಲಿನವರಾಗಿ ತೋರಿಸುತ್ತವೆ. ಅವರಲ್ಲಿ ಅತಿ ಪ್ರಸಿದ್ಧನಾದ ಫಾರಿನೆಲ್ಲಿಯ ಅಸ್ಥಿಗಳನ್ನು 2006ರಲ್ಲಿ ಬೊಲೋನ್ಯಾದಲ್ಲಿ ಹೊರತೆಗೆದು ಪರೀಕ್ಷಿಸಿದಾಗ ಬೆಳವಣಿಗೆಯ ಗೆರೆಗಳು ಇನ್ನೂ ಉಳಿದಿದ್ದವು, ಮೂಳೆ ಸವೆದಿತ್ತು. ಆತ ತೀರಿಕೊಂಡಾಗ 77 ವರ್ಷ.

ಹಾಗಿದ್ದರೆ ಹರೆಯದಲ್ಲೇ ಚಿಕಿತ್ಸೆ ಶುರುವಾದವರಲ್ಲಿ? ಅಲ್ಲಿ ಗ್ರೋತ್ ಪ್ಲೇಟ್ ತೆರೆದಿರುವುದರಿಂದ ಎತ್ತರದ ಮೇಲೆ ಪರಿಣಾಮ ಸಾಧ್ಯ. 1950ರ ದಶಕದಿಂದ ಕೆಲವು ದೇಶಗಳಲ್ಲಿ ‘ತೀರಾ ಎತ್ತರವಾಗಿಬಿಡುತ್ತಾಳೆ’ ಎಂದು ಹುಡುಗಿಯರಿಗೆ ಈಸ್ಟ್ರೋಜೆನ್ನನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ಬೆಳವಣಿಗೆ ಬೇಗ ನಿಲ್ಲಿಸುತ್ತಿದ್ದರು. ಅವರಲ್ಲಿ ಮುಂದೆ ಗರ್ಭ ಧರಿಸುವ ತೊಂದರೆ ಹೆಚ್ಚು ಕಂಡುಬಂತು. ಇಂದು ಟ್ರಾನ್ಸ್ ಹುಡುಗಿಯರಿಗೆ ಕೊಡುವ ಪ್ರಮಾಣ ಅಷ್ಟಿಲ್ಲ. ಹರೆಯವನ್ನು ತಡೆಹಿಡಿಯುವ ಔಷಧಿ, ಆಮೇಲೆ ಸಾಮಾನ್ಯ ಪ್ರಮಾಣದ ಈಸ್ಟ್ರೋಜೆನ್ ಪಡೆದವರ ಅಂತಿಮ ಎತ್ತರ ಮೊದಲೇ ಅಂದಾಜು ಮಾಡಿದ್ದಕ್ಕಿಂತ ಹೆಚ್ಚೇನೂ ಬೇರೆಯಾಗಲಿಲ್ಲ ಎಂದು ಆಮ್‌ಸ್ಟರ್‌ಡ್ಯಾಮಿನ ವೈದ್ಯರು 2022ರಲ್ಲಿ ವರದಿ ಮಾಡಿದರು. ಹದಿಹರೆಯದವರಿಗೆ ತಡೆ ಔಷಧಿ ಕೊಡುವ ವಿಷಯದಲ್ಲಿ ವೈದ್ಯರೊಳಗೇ ಭಿನ್ನಾಭಿಪ್ರಾಯವಿದೆ. ಬ್ರಿಟನ್ 2024ರಲ್ಲಿ ಅದರ ವಾಡಿಕೆಯ ಬಳಕೆಯನ್ನು ನಿಲ್ಲಿಸಿತು. ನಾನಿಲ್ಲಿ ಹೇಳುತ್ತಿರುವುದು ವಯಸ್ಕರ ಮಾತು.

ಆದರೂ ‘ಹಾರ್ಮೋನು ಶುರುವಾದ ಮೇಲೆ ಅರ್ಧ ಇಂಚು ಇಳಿದೆ, ಚಪ್ಪಲಿ ಸಡಿಲವಾಯಿತು’ ಎನ್ನುವ ಟ್ರಾನ್ಸ್ ಮಹಿಳೆಯರು ಇದ್ದಾರೆ. ಅದನ್ನು ಭ್ರಮೆ ಎಂದು ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ. ನಮ್ಮ ಎತ್ತರ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಬೆನ್ನುಮೂಳೆಯ ಉದ್ದದಲ್ಲಿ ಸುಮಾರು ಕಾಲು ಭಾಗ ಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ಗಳದ್ದು. ರಾತ್ರಿ ಮಲಗಿದಾಗ ಅವು ನೀರು ಹೀರಿ ಉಬ್ಬುತ್ತವೆ, ಹಗಲೆಲ್ಲ ಮೈಭಾರಕ್ಕೆ ಹಿಂಡಿಕೊಳ್ಳುತ್ತವೆ. ಬೆಳಿಗ್ಗೆ ಎದ್ದ ತಕ್ಷಣ ಅಳೆದ ಎತ್ತರಕ್ಕೂ ಸಂಜೆಯದಕ್ಕೂ ಒಂದರಿಂದ ಎರಡು ಸೆಂಟಿಮೀಟರ್ ವ್ಯತ್ಯಾಸ ಬರುವುದು ಎಲ್ಲರಲ್ಲೂ ಸಹಜ. ಬೆನ್ನಿನ ಸ್ನಾಯು ಕುಗ್ಗಿ ನಿಲ್ಲುವ ಭಂಗಿ ಬದಲಾದರೆ ಇನ್ನಷ್ಟು. ಪಾದದ ಮೂಳೆ ಚಿಕ್ಕದಾಗದಿದ್ದರೂ ಅದರ ಸುತ್ತಲಿನ ಕೊಬ್ಬು, ಸ್ನಾಯು ಕಡಿಮೆಯಾದರೆ ಚಪ್ಪಲಿ ಸಡಿಲವಾಗಬಹುದು. ನಿಜಕ್ಕೂ ಹೋಲಿಸಿ ನೋಡಬೇಕಾದರೆ ಪ್ರತಿ ಸಲವೂ ಬೆಳಿಗ್ಗೆ ಒಂದೇ ಹೊತ್ತಿಗೆ, ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ ಅಳೆಯಬೇಕು.

ಇನ್ನು ಖಂಡಿತ ಬದಲಾಗುವ ಸಂಗತಿಗಳು. ಈಸ್ಟ್ರೋಜೆನ್ ತೆಗೆದುಕೊಂಡು ಟೆಸ್ಟೋಸ್ಟೆರಾನ್ ಇಳಿಸಿದವರಲ್ಲಿ ಮೂರರಿಂದ ಆರು ತಿಂಗಳೊಳಗೆ ಚರ್ಮ ಮೃದುವಾಗುತ್ತದೆ, ಎಣ್ಣೆಯಂಶ ಇಳಿಯುತ್ತದೆ, ಸ್ತನದ ತೊಟ್ಟಿನ ಕೆಳಗೆ ನೋಯುವ ಸಣ್ಣ ಗಂಟು ಕೈಗೆ ಸಿಗುತ್ತದೆ. ಸ್ತನ ಪೂರ್ತಿ ಬೆಳೆಯಲು ಎರಡು ಮೂರು ವರ್ಷ ಬೇಕು. ಕೊಬ್ಬು ಹೊಟ್ಟೆಯಿಂದ ಸೊಂಟ, ತೊಡೆ, ಕೆನ್ನೆಗಳ ಕಡೆ ಸರಿಯುತ್ತದೆ. ಭುಜದ ಮೂಳೆ ಇದ್ದ ಹಾಗೇ ಇದ್ದರೂ ಮೇಲಿನ ಸ್ನಾಯು ಇಳಿಯುವುದರಿಂದ ಭುಜ ಕಿರಿದಾಗಿ ಕಾಣುತ್ತದೆ. ಹಿಮೋಗ್ಲೋಬಿನ್ ನಾಲ್ಕು ತಿಂಗಳ ಹೊತ್ತಿಗೆ ಹೆಂಗಸರ ಮಟ್ಟಕ್ಕೆ ಬರುತ್ತದೆ. ಇದು ಗೊತ್ತಿಲ್ಲದೆ ಗಂಡಸರ ಅಳತೆಗೋಲಿನಲ್ಲಿ ವರದಿ ಓದಿದರೆ ಇಲ್ಲದ ರಕ್ತಹೀನತೆ ಕಾಣಿಸುತ್ತದೆ. ದನಿ ಮಾತ್ರ ಬದಲಾಗುವುದಿಲ್ಲ, ಹರೆಯದಲ್ಲಿ ದಪ್ಪವಾದ ಧ್ವನಿತಂತು ಮತ್ತೆ ತೆಳುವಾಗದು. ಅದಕ್ಕೆ ಸ್ಪೀಚ್ ಥೆರಪಿಸ್ಟ್ ಬಳಿ ಅಭ್ಯಾಸವೇ ದಾರಿ.

ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುವ ಟ್ರಾನ್ಸ್ ಪುರುಷರಲ್ಲಿ ಆರು ತಿಂಗಳೊಳಗೆ ಸಾಮಾನ್ಯವಾಗಿ ಮುಟ್ಟು ನಿಲ್ಲುತ್ತದೆ, ಧ್ವನಿತಂತು ದಪ್ಪವಾಗಿ ದನಿ ಇಳಿಯುತ್ತದೆ. ಚಿಕಿತ್ಸೆ ಬಿಟ್ಟರೂ ಆ ದನಿ ಹಿಂದಕ್ಕೆ ಹೋಗುವುದಿಲ್ಲ. ಗಡ್ಡ ತುಂಬಲು ನಾಲ್ಕೈದು ವರ್ಷವೂ ಹಿಡಿಯಬಹುದು. ರಕ್ತದಲ್ಲಿ ಕೆಂಪುಕಣ ಹೆಚ್ಚಿ ರಕ್ತ ಮಂದವಾಗುವ ಸಾಧ್ಯತೆ ಇರುವುದರಿಂದ ಆಗಾಗ ರಕ್ತಪರೀಕ್ಷೆ ಮಾಡಿಸಲೇಬೇಕು.

ಈಗ ಮೂಳೆಯ ವಿಷಯಕ್ಕೆ ಬರುತ್ತೇನೆ. ಮೂಳೆ ಜೀವವಿರುವ ಅಂಗ. ದಿನವೂ ಅದರ ಹಳೆಯ ಭಾಗ ಕರಗಿ ಹೊಸದು ಕಟ್ಟಿಕೊಳ್ಳುತ್ತಿರುತ್ತದೆ, ಕರಗುವಿಕೆಗೆ ಕಡಿವಾಣ ಹಾಕುವುದು ಮುಖ್ಯವಾಗಿ ಈಸ್ಟ್ರೋಜೆನ್. ಗಂಡಸರಲ್ಲಿ ಅದು ಟೆಸ್ಟೋಸ್ಟೆರಾನಿನಿಂದಲೇ ತಯಾರಾಗುತ್ತದೆ. ಮುಟ್ಟು ನಿಂತ ಮೇಲೆ ನಮ್ಮ ಅಜ್ಜಿಯರ ಬೆನ್ನು ಗೂನಾಗುವುದಕ್ಕೆ ದೊಡ್ಡ ಕಾರಣ ಈ ಕಡಿವಾಣ ಸಡಿಲವಾಗುವುದು. ಬೆನ್ನಿನ ಮೂಳೆಗಳು ಟೊಳ್ಳಾಗಿ, ಒಂದೊಂದಾಗಿ ಜಜ್ಜಿಹೋಗಿ, ಎತ್ತರ ನಿಜವಾಗಿಯೇ ಕಡಿಮೆಯಾಗುತ್ತದೆ. ಹಾಗಾಗಿ ವಯಸ್ಕರನ್ನು ಕುಗ್ಗಿಸುವುದು ಹಾರ್ಮೋನು ಚಿಕಿತ್ಸೆಯಲ್ಲ, ಯಾವ ಲೈಂಗಿಕ ಹಾರ್ಮೋನೂ ಇಲ್ಲದ ಸ್ಥಿತಿ.

ನಮ್ಮ ಮಂಗಳಮುಖಿ ಸಮುದಾಯದಲ್ಲಿ ‘ನಿರ್ವಾಣ’ ಎಂದು ಕರೆಯುವ ಶಸ್ತ್ರಕ್ರಿಯೆ ಮಾಡಿಸಿಕೊಂಡವರಿಗೆ ಇದು ನೇರವಾಗಿ ಸಂಬಂಧಿಸಿದ್ದು. ವೃಷಣ ಹೋದ ಮೇಲೆ ಟೆಸ್ಟೋಸ್ಟೆರಾನ್ ಬಹುತೇಕ ನಿಲ್ಲುತ್ತದೆ. ಬದಲಿಗೆ ಈಸ್ಟ್ರೋಜೆನ್ ತೆಗೆದುಕೊಳ್ಳದಿದ್ದರೆ 25ರ ಯುವತಿಯ ಮೂಳೆಯೂ ಮುಟ್ಟು ನಿಂತವರ ಮೂಳೆಯಂತೆ ಸವೆಯಲು ಶುರುವಾಗುತ್ತದೆ. ನೋವಿಲ್ಲ, ಹೊರಗೆ ಗುರುತಿಲ್ಲ, ಒಂದು ದಿನ ಸಣ್ಣದಾಗಿ ಜಾರಿಬಿದ್ದಾಗ ಮಣಿಕಟ್ಟೋ ಸೊಂಟವೋ ಮುರಿಯುತ್ತದೆ. ಆಸ್ಪತ್ರೆಯಲ್ಲಿ ಆಗುವ ಅವಮಾನಕ್ಕೆ ಹೆದರಿ ಎಷ್ಟೋ ಮಂದಿ ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ನುಂಗುತ್ತಾರೆ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಇಥಿನೈಲ್ ಎಸ್ಟ್ರಾಡಿಯಾಲ್ ಎಂಬ ಕೃತಕ ಈಸ್ಟ್ರೋಜೆನ್. ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಪಾಯ ಅದಕ್ಕೆ ಹೆಚ್ಚು, ಸಿಗರೇಟು ಬೀಡಿ ಸೇದುವವರಿಗಂತೂ ಇನ್ನೂ ಹೆಚ್ಚು. ಈ ಚಿಕಿತ್ಸೆಗೆ ವೈದ್ಯರು ಅದನ್ನು ಬಳಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಈಗ ಕೊಡುವುದು ದೇಹದಲ್ಲಿ ಸಹಜವಾಗಿರುವಂಥದ್ದೇ ಆದ ಎಸ್ಟ್ರಾಡಿಯಾಲ್ ಎಂಬ ಈಸ್ಟ್ರೋಜೆನ್, ಮಾತ್ರೆಯಾಗಿ ಅಥವಾ ಚರ್ಮಕ್ಕೆ ಹಚ್ಚುವ ಜೆಲ್ ಆಗಿ. ಚರ್ಮದ ಮೂಲಕ ಹೋಗುವುದರಲ್ಲಿ ಹೆಪ್ಪುಗಟ್ಟುವ ಭಯ ಇನ್ನೂ ಕಡಿಮೆ.

ಲಿಂಗತ್ವ ಅಲ್ಪಸಂಖ್ಯಾತರಿಗೆ ಹಾರ್ಮೋನು ಚಿಕಿತ್ಸೆಯನ್ನೂ ಸೇರಿಸಿ ವೈದ್ಯಕೀಯ ಸೌಲಭ್ಯ ಒದಗಿಸುವುದು ಸರ್ಕಾರದ ಹೊಣೆ ಎಂದು 2019ರಲ್ಲಿ ಬಂದ ಕಾಯ್ದೆಯೇ ಬರೆಯಿತು. ಆ ಸೌಲಭ್ಯದಲ್ಲಿ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಕೂಡ ಸೇರಬೇಕು, ಅದರಲ್ಲೂ ಶಸ್ತ್ರಕ್ರಿಯೆಯಾಗಿ ಹಾರ್ಮೋನಿಲ್ಲದೆ ವರ್ಷಗಳನ್ನು ಕಳೆದವರಿಗೆ ಮೊದಲು. ಸ್ಕ್ಯಾನ್ ಹತ್ತಿಪ್ಪತ್ತು ನಿಮಿಷದ ಕೆಲಸ, ನೋವಿಲ್ಲ, ಸೂಜಿಯಿಲ್ಲ. ಶಸ್ತ್ರಕ್ರಿಯೆಯಾಗಿ ಹತ್ತು ವರ್ಷ ಕಳೆದವರೂ ಎಂಡೊಕ್ರೈನಾಲಜಿಸ್ಟರನ್ನು (ಹಾರ್ಮೋನು ತಜ್ಞರನ್ನು) ಕಂಡು, ರಕ್ತದೊತ್ತಡ, ಯಕೃತ್ತು, ವಿಟಮಿನ್ ಡಿ ಪರೀಕ್ಷಿಸಿಕೊಂಡು ಎಸ್ಟ್ರಾಡಿಯಾಲ್ ಶುರುಮಾಡಬಹುದು. ಶುರುಮಾಡಿದವರಲ್ಲಿ ಬೆನ್ನುಮೂಳೆಯ ಸಾಂದ್ರತೆ ಏರುವುದನ್ನು ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ.